ಫರ್ಡಿನಾಂಡ್ ಕಿಟ್ಟೆಲ್

ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ (1832–1903) ಅವರು ಜರ್ಮನಿಯಲ್ಲಿ ಹುಟ್ಟಿ ಕರ್ನಾಟಕವನ್ನು ಕಾರ್ಯಕ್ಷೇತ್ರವಾಗಿಸಿಕೊಂಡ ಬಾಸೆಲ್ ಮಿಷನ್ನಿನ ಪಾದ್ರಿ, ನಿಘಂಟುಕಾರ, ವೈಯಾಕರಣ ಮತ್ತು ಗ್ರಂಥಸಂಪಾದಕ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಅವರ ಕನ್ನಡ–ಇಂಗ್ಲಿಷ್ ನಿಘಂಟು ಸುಮಾರು 70,000 ಪದಗಳನ್ನು ಒಳಗೊಂಡಿದ್ದು, ಕನ್ನಡ ಕೋಶರಚನೆಯ ಇತಿಹಾಸದಲ್ಲಿ ಮಹತ್ವದ ಕೃತಿಯಾಗಿದೆ. ಕನ್ನಡ ಕಲಿಯಬಯಸುವ ಪರಭಾಷಿಕರನ್ನು ಮುಖ್ಯವಾಗಿ ಉದ್ದೇಶಿಸಿ ಇಂಗ್ಲಿಷ್‌ನಲ್ಲಿ ಅರ್ಥ ನೀಡಿದ ಈ ಕೃತಿಯು ಮುಂದೆ ಇಂಗ್ಲಿಷ್ ಕಲಿಯಬಯಸುವ ಕನ್ನಡಿಗರಿಗೂ ಆಧಾರವಾಯಿತು. ಇಂಗ್ಲಿಷ್‌ನಲ್ಲಿ ಕ್ರಿಯಾಪದವೂ 'ಅಪ್', 'ಔಟ್', 'ಆಫ್' ಮುಂತಾದ ಅವ್ಯಯವೂ ಕೂಡಿ ಆಗುವ ಫ್ರೇಸಲ್ ವರ್ಬ್‌ಗಳನ್ನು ಕನ್ನಡದ ಕ್ರಿಯಾಪದಗಳೊಂದಿಗೆ ಹೋಲಿಸಿ ಅರಿಯಲು ಇಂತಹ ದ್ವಿಭಾಷಾ ನಿಘಂಟು ವಿಶೇಷವಾಗಿ ನೆರವಾಗುತ್ತದೆ.

ಜನನ ಮತ್ತು ಶಿಕ್ಷಣ

ಕಿಟ್ಟೆಲ್ ಅವರು 1832ರ ಏಪ್ರಿಲ್ ತಿಂಗಳಿನಲ್ಲಿ ಜರ್ಮನಿಯ ವಾಯವ್ಯ ತುದಿಯಲ್ಲಿರುವ ಪೂರ್ವ ಫ್ರೀಸ್‌ಲ್ಯಾಂಡ್ ಪ್ರಾಂತದ ರೆಸ್ಟರ್‌ಹಾಫೆ ಎಂಬ ಗ್ರಾಮದಲ್ಲಿ ಜನಿಸಿದರು. ಉತ್ತರ ಸಮುದ್ರದ ತೀರಕ್ಕೆ ಹತ್ತಿರವಿರುವ ಈ ಪ್ರಾಂತವು ಆಗ ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. ತಂದೆ ಪಾದ್ರಿಯಾಗಿದ್ದರು. ಪ್ರೌಢ ವಿದ್ಯಾಭ್ಯಾಸವು ಔರಿಚ್ ಪಟ್ಟಣದಲ್ಲಿ ನಡೆಯಿತು. ಅಂದಿನ ಜರ್ಮನ್ ಶಿಕ್ಷಣಕ್ರಮದಂತೆ ಲ್ಯಾಟಿನ್, ಗ್ರೀಕ್ ಮೊದಲಾದ ಪ್ರಾಚೀನ ಭಾಷೆಗಳ ಅಭ್ಯಾಸ ಅವರಿಗೆ ಎಳವೆಯಲ್ಲಿಯೇ ದೊರೆಯಿತು.

ಪೂರ್ವ ಫ್ರೀಸ್‌ಲ್ಯಾಂಡಿನ ಜನಸಾಮಾನ್ಯರ ಆಡುನುಡಿ ಕೆಳಜರ್ಮನ್. ಶಾಲೆ ಹಾಗೂ ಚರ್ಚುಗಳ ಭಾಷೆ ಮೇಲುಜರ್ಮನ್. ಇವೆರಡೂ ಇಂಗ್ಲಿಷ್‌ನ ಸಮೀಪದ ಬಂಧುಭಾಷೆಗಳು. ಇಂಗ್ಲಿಷ್‌ನ 'ಅಪ್' ಎಂಬ ಅವ್ಯಯಕ್ಕೆ ಕೆಳಜರ್ಮನ್‌ನಲ್ಲಿ 'ಉಪ್' ಎಂಬ ರೂಪವೂ ಮೇಲುಜರ್ಮನ್‌ನಲ್ಲಿ 'ಔಫ್' ಎಂಬ ರೂಪವೂ ಸಂವಾದಿಯಾಗಿ ಬಳಕೆಯಾಗುತ್ತವೆ. ಇಂತಹ ಅವ್ಯಯಗಳು ಕ್ರಿಯಾಪದದೊಡನೆ ಕೂಡುವ, ವಾಕ್ಯದಲ್ಲಿ ಅದರಿಂದ ಬೇರ್ಪಡುವ ಪದ್ಧತಿ ಈ ಮೂರು ಭಾಷೆಗಳಲ್ಲಿಯೂ ಉಂಟು. ದ್ರಾವಿಡ ಭಾಷೆಗಳಲ್ಲಿ ಈ ಪದ್ಧತಿ ಇಲ್ಲ. ಕನ್ನಡದ ಕ್ರಿಯಾಪದಗಳಿಗೆ ಇಂಗ್ಲಿಷ್‌ನಲ್ಲಿ ಅರ್ಥ ಬರೆಯುವ ಕಾರ್ಯದಲ್ಲಿ ಈ ವ್ಯತ್ಯಾಸವು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ.

ಶಾಲಾ ಶಿಕ್ಷಣದ ನಂತರ ಕಿಟ್ಟೆಲ್ ಅವರು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರಕ್ಕೆ ತೆರಳಿ ಅಲ್ಲಿನ ಮಿಷನ್ ವಿದ್ಯಾಲಯದಲ್ಲಿ ತರಬೇತಿ ಪಡೆದರು.

ಭಾರತಕ್ಕೆ ಆಗಮನ

1853ರಲ್ಲಿ ಕಿಟ್ಟೆಲ್ ಅವರು ಭಾರತಕ್ಕೆ ಬಂದರು. ಆಗ ಅವರ ವಯಸ್ಸು 21. ಬಾಸೆಲ್ ಮಿಷನ್ ಅದಕ್ಕೆ ಎರಡು ದಶಕಗಳ ಹಿಂದೆಯೇ ಮಂಗಳೂರಿನಲ್ಲಿ ನೆಲೆಯೂರಿ, ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಿಗೆ ತನ್ನ ಕಾರ್ಯವನ್ನು ವಿಸ್ತರಿಸಿತ್ತು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರು ಸಮಾಚಾರವನ್ನು 1843ರಲ್ಲಿ ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಅವರು ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚಿನಲ್ಲಿ ತರುವ ಕಾರ್ಯವನ್ನೂ ಕೈಗೊಂಡಿದ್ದರು. ಕಿಟ್ಟೆಲ್ ಅವರ ಮುಂದಿನ ವಿದ್ವತ್ಕಾರ್ಯಕ್ಕೆ ಈ ಮುದ್ರಿತ ಗ್ರಂಥಗಳು ಅಡಿಪಾಯವಾದವು.

ಆರಂಭದ ವರ್ಷಗಳಲ್ಲಿ ಅವರು ಧಾರವಾಡ ಮತ್ತು ಹುಬ್ಬಳ್ಳಿ ಪ್ರದೇಶದಲ್ಲಿ ಸೇವೆ ಸಲ್ಲಿಸಿದರು. ಹಳ್ಳಿಗಳಲ್ಲಿ ಸಂಚರಿಸಿ ಜನರ ಆಡುಮಾತು, ಗಾದೆ, ಆಚಾರಗಳನ್ನು ಗಮನಿಸಿದರು. ಕನ್ನಡದೊಂದಿಗೆ ಸಂಸ್ಕೃತವನ್ನೂ ಅಭ್ಯಾಸ ಮಾಡಿದರು. ಮುಂದೆ ಮಂಗಳೂರು ಮತ್ತು ಮಡಿಕೇರಿಗಳಲ್ಲಿಯೂ ಅವರು ಕಾರ್ಯನಿರ್ವಹಿಸಿದರು. ಬಯಲುಸೀಮೆ, ಕರಾವಳಿ, ಕೊಡಗು ಹೀಗೆ ಬೇರೆಬೇರೆ ಪ್ರದೇಶಗಳ ನುಡಿಯನ್ನು ಕೇಳಿದ ಅನುಭವವು ನಿಘಂಟಿನ ಪದಸಂಪತ್ತಿನಲ್ಲಿ ಕಾಣಿಸಿಕೊಂಡಿದೆ.

ಮಿಷನ್ನಿನೊಂದಿಗೆ ಭಿನ್ನಾಭಿಪ್ರಾಯ

ಕಿಟ್ಟೆಲ್ ಅವರ ಭಾಷಾಸಕ್ತಿಯನ್ನು ಮಿಷನ್ನಿನ ಮೇಲಧಿಕಾರಿಗಳು ಆರಂಭದಲ್ಲಿ ಮೆಚ್ಚಲಿಲ್ಲ. ಪಾದ್ರಿಯ ಪ್ರಧಾನ ಕರ್ತವ್ಯ ಧರ್ಮಪ್ರಚಾರವೆಂದು ಅವರು ಭಾವಿಸಿದ್ದರು. ಓದು ಬರಹಗಳಲ್ಲಿ ಹೆಚ್ಚು ಕಾಲ ಕಳೆಯುವ, ಸ್ಥಳೀಯ ಜನರ ಜೀವನಕ್ರಮಕ್ಕೆ ಹತ್ತಿರವಾಗಲು ಬಯಸುವ ತರುಣ ಪಾದ್ರಿಯ ವರ್ತನೆ ಅವರಿಗೆ ಶಿಸ್ತಿನ ಉಲ್ಲಂಘನೆಯಂತೆ ತೋರಿತು. ಜನರ ಭಾಷೆ, ಸಾಹಿತ್ಯ ಮತ್ತು ನಂಬಿಕೆಗಳನ್ನು ಆಳವಾಗಿ ತಿಳಿಯದೆ ಅವರೊಡನೆ ಮಾತನಾಡಲು ಸಾಧ್ಯವಿಲ್ಲವೆಂಬುದು ಕಿಟ್ಟೆಲ್ ಅವರ ನಿಲುವಾಗಿತ್ತು. ಈ ತಿಕ್ಕಾಟವು ಹಲವು ವರ್ಷಗಳ ಕಾಲ ಮುಂದುವರಿಯಿತು. ವೈಯಕ್ತಿಕ ಹವ್ಯಾಸವೆಂದು ಆಕ್ಷೇಪಕ್ಕೆ ಗುರಿಯಾಗಿದ್ದ ವಿದ್ವತ್ತನ್ನೇ ಕಾಲಾನಂತರದಲ್ಲಿ ಮಿಷನ್ ನಿಘಂಟಿನ ಕಾರ್ಯಕ್ಕಾಗಿ ಬಳಸಿಕೊಂಡಿತು.

ಕೌಟುಂಬಿಕ ಜೀವನ

ಕಿಟ್ಟೆಲ್ ಅವರು 1860ರಲ್ಲಿ ಪೌಲಿನ್ ಐತ್ ಅವರನ್ನು ವಿವಾಹವಾದರು. ಪೌಲಿನ್ ಅವರು 1864ರಲ್ಲಿ ನಿಧನರಾದರು. 1867ರಲ್ಲಿ ಕಿಟ್ಟೆಲ್ ಅವರು ಪೌಲಿನ್ ಅವರ ಸಹೋದರಿ ಜೂಲಿ ಅವರನ್ನು ವರಿಸಿದರು. 1877ರಲ್ಲಿ ಕುಟುಂಬವು ಜರ್ಮನಿಗೆ ಮರಳಿತು. ನಿಘಂಟಿನ ಕೆಲಸವನ್ನು ಯುರೋಪಿನಲ್ಲಿಯೇ ಮುಂದುವರಿಸಲು ಕಿಟ್ಟೆಲ್ ಪ್ರಯತ್ನಿಸಿದರು. ಆದರೆ ಆಡುನುಡಿಯ ಪದಗಳ ಅರ್ಥವನ್ನು ಖಚಿತಪಡಿಸಿಕೊಳ್ಳಲು ಕನ್ನಡ ವಿದ್ವಾಂಸರ ಹಾಗೂ ಕನ್ನಡ ನಾಡಿನ ಸಂಪರ್ಕ ಅನಿವಾರ್ಯವಾಗಿತ್ತು. ಹೀಗಾಗಿ 1883ರಲ್ಲಿ ಅವರು ಪತ್ನಿ ಮತ್ತು ಮಕ್ಕಳನ್ನು ಜರ್ಮನಿಯಲ್ಲಿಯೇ ಬಿಟ್ಟು ಮತ್ತೆ ಭಾರತಕ್ಕೆ ಬಂದರು. 1892ರಲ್ಲಿ ಅವರು ಶಾಶ್ವತವಾಗಿ ಸ್ವದೇಶಕ್ಕೆ ತೆರಳುವವರೆಗಿನ ಅವಧಿಯನ್ನು ನಿಘಂಟಿಗಾಗಿಯೇ ಮೀಸಲಿಟ್ಟರು. ಕುಟುಂಬದಿಂದ ದೂರವಾಗಿ ಕಳೆದ ಈ ಸುಮಾರು ಒಂಬತ್ತು ವರ್ಷಗಳು ನಿಘಂಟಿಗಾಗಿ ಅವರು ತೆತ್ತ ಬೆಲೆಯಾಗಿದ್ದವು.

ಸಾಹಿತ್ಯ ಹಾಗೂ ಸಂಪಾದನ ಕಾರ್ಯ

ಕಿಟ್ಟೆಲ್ ಅವರ ಮೊದಲ ಗಮನಾರ್ಹ ಕನ್ನಡ ಕೃತಿ ಕಥಾಮಾಲೆ. 1862ರಲ್ಲಿ ಪ್ರಕಟವಾದ ಈ ಪದ್ಯಕೃತಿಯು ಯೇಸುವಿನ ಜೀವನವನ್ನು ದೇಶೀಯ ಛಂದಸ್ಸಿನಲ್ಲಿ ನಿರೂಪಿಸುತ್ತದೆ. ಪರಭಾಷಿಕರೊಬ್ಬರು ಕನ್ನಡದಲ್ಲಿ ಕಾವ್ಯರಚನೆಗೆ ಕೈಹಾಕಿದ ಆರಂಭಿಕ ನಿದರ್ಶನಗಳಲ್ಲಿ ಇದೂ ಒಂದು.

1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಪ್ರಕಟಿಸಿದರು. 13ನೆಯ ಶತಮಾನದ ಈ ವ್ಯಾಕರಣಗ್ರಂಥವು ಹಳಗನ್ನಡದ ಅಧ್ಯಯನಕ್ಕೆ ಮೂಲಾಧಾರವಾಗಿದೆ. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಪ್ರಕಟಿಸಿ, ಅದಕ್ಕೆ ಕನ್ನಡ ಸಾಹಿತ್ಯದ ಇತಿಹಾಸವನ್ನು ಕುರಿತ ಪ್ರಬಂಧವೊಂದನ್ನು ಜೋಡಿಸಿದರು. ಕನ್ನಡ ಸಾಹಿತ್ಯಚರಿತ್ರೆಯನ್ನು ಇಂಗ್ಲಿಷ್‌ನಲ್ಲಿ ಕ್ರಮಬದ್ಧವಾಗಿ ವಿವರಿಸಿದ ಮೊದಮೊದಲ ಬರಹಗಳಲ್ಲಿ ಇದಕ್ಕೆ ಸ್ಥಾನವಿದೆ.

ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅವರ ಅನೇಕ ಲೇಖನಗಳು ಪ್ರಕಟವಾದವು. ಸಂಸ್ಕೃತ ನಿಘಂಟುಗಳಲ್ಲಿರುವ ದ್ರಾವಿಡ ಮೂಲದ ಪದಗಳನ್ನು ಗುರುತಿಸುವ ಅವರ ಪ್ರಯತ್ನ ಗಮನಾರ್ಹವಾದುದು. ಮುಂದೆ ನಿಘಂಟಿನ ಮುನ್ನುಡಿಯಲ್ಲಿ ಇಂತಹ ಸುಮಾರು 420 ಪದಗಳ ಪಟ್ಟಿಯನ್ನು ಅವರು ನೀಡಿದರು.

ಕನ್ನಡ–ಇಂಗ್ಲಿಷ್ ನಿಘಂಟು

*ಹಿನ್ನೆಲೆ*

ಕಿಟ್ಟೆಲ್ ಅವರಿಗಿಂತ ಮುಂಚೆಯೇ ದ್ವಿಭಾಷಾ ನಿಘಂಟುಗಳ ರಚನೆ ಆರಂಭವಾಗಿತ್ತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಪರವಾಗಿ ಕೆಲಸ ಮಾಡುತ್ತಿದ್ದ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಪ್ರಕಟವಾದವು. ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟನ್ನು ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಲ್ಲಿ ಹೊರತಂದರು. ಬಾಸೆಲ್ ಮಿಷನ್ನಿನವರೇ ಆದ ಹರ್ಮನ್ ಗುಂಡರ್ಟ್ ಅವರ ಮಲಯಾಳಂ–ಇಂಗ್ಲಿಷ್ ನಿಘಂಟು 1872ರಲ್ಲಿ ಮಂಗಳೂರಿನಲ್ಲಿ ಮುದ್ರಣಗೊಂಡಿತು. ಇದೇ ಮಟ್ಟದ ಕನ್ನಡ ನಿಘಂಟಿನ ಅಗತ್ಯವನ್ನು ಕಿಟ್ಟೆಲ್ ಅವರ ಕೃತಿ ಪೂರೈಸಿತು.

*ರಚನೆ ಮತ್ತು ಸ್ವರೂಪ*

ನಿಘಂಟಿನ ಕಾರ್ಯವು ಸುಮಾರು ಎರಡು ದಶಕಗಳ ಕಾಲ ನಡೆಯಿತು. ಹಳಗನ್ನಡ ಮತ್ತು ನಡುಗನ್ನಡ ಕಾವ್ಯಗಳು, ವ್ಯಾಕರಣಗ್ರಂಥಗಳು, ಪ್ರಾಚೀನ ಕೋಶಗಳು, ಶಾಲಾಪುಸ್ತಕಗಳು, ಗಾದೆಗಳು ಹಾಗೂ ಆಡುಮಾತು ಇವೆಲ್ಲವುಗಳಿಂದ ಪದಗಳನ್ನು ಆರಿಸಲಾಯಿತು. ಕನ್ನಡ ವಿದ್ವಾಂಸರು ಪದಗಳ ಅರ್ಥನಿರ್ಣಯದಲ್ಲಿ ನೆರವಾದರು. 1,700ಕ್ಕೂ ಹೆಚ್ಚು ಪುಟಗಳ ಈ ಗ್ರಂಥವು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಾಶನಾಲಯದಿಂದ ಹೊರಬಂದಿತು.

ಪ್ರತಿಯೊಂದು ಶೀರ್ಷಿಕಾಪದವನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪ್ಯಂತರದಲ್ಲಿಯೂ ಕೊಡಲಾಗಿದೆ. ಅರ್ಥಗಳು ಇಂಗ್ಲಿಷ್‌ನಲ್ಲಿವೆ. ದ್ರಾವಿಡ ಮೂಲದ ಪದಗಳಿಗೆ ತಮಿಳು, ತೆಲುಗು, ಮಲಯಾಳಂ, ತುಳು ಭಾಷೆಗಳ ಜ್ಞಾತಿಪದಗಳನ್ನು ಸೂಚಿಸಲಾಗಿದೆ. ತದ್ಭವಗಳಿಗೆ ಸಂಸ್ಕೃತ ಮೂಲವನ್ನು ಹೇಳಲಾಗಿದೆ. ಪದವು ಬಳಕೆಯಾಗಿರುವ ಗ್ರಂಥ ಅಥವಾ ಪ್ರದೇಶವನ್ನು ಸಂಕ್ಷೇಪಾಕ್ಷರಗಳಿಂದ ಗುರುತಿಸಲಾಗಿದೆ.

ವಿಜಯಪುರ ಸೀಮೆಯ ಕನ್ನಡ

ಪ್ರಾದೇಶಿಕ ಪದಗಳಿಗೆ ಕಿಟ್ಟೆಲ್ ಅವರು ಬಳಸಿದ ಗುರುತುಗಳಲ್ಲಿ ದಕ್ಷಿಣ ಮರಾಠಾ ಪ್ರಾಂತ ಎಂಬುದು ಮುಖ್ಯವಾದುದು. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಮತ್ತು ಅಂದಿನ ಕಲಾದಗಿ ಜಿಲ್ಲೆಗಳನ್ನೂ ಸುತ್ತಲಿನ ಸಂಸ್ಥಾನಗಳನ್ನೂ ಆ ಕಾಲದ ಆಡಳಿತಗಾರರು ಈ ಹೆಸರಿನಿಂದ ಕರೆಯುತ್ತಿದ್ದರು. 1885ರಲ್ಲಿ ಕಲಾದಗಿ ಜಿಲ್ಲೆಯ ಕೇಂದ್ರವು ವಿಜಯಪುರಕ್ಕೆ, ಅಂದರೆ ಅಂದಿನ ಬಿಜಾಪುರಕ್ಕೆ, ಸ್ಥಳಾಂತರಗೊಂಡಿತು. ಬಾಸೆಲ್ ಮಿಷನ್ ಸಹ 1880ರ ದಶಕದಲ್ಲಿ ಅಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಇಂದು ತಾಲ್ಲೂಕು ಕೇಂದ್ರಗಳಾಗಿರುವ ತಿಕೋಟಾ ಮತ್ತು ಬಬಲೇಶ್ವರ ಈ ಸೀಮೆಗೆ ಸೇರಿದ ಊರುಗಳು.

ಈ ಭಾಗದ ಕನ್ನಡದಲ್ಲಿ ಕೆಲವು ಸರಳ ಕ್ರಿಯಾಪದಗಳು ಅತಿ ವಿಸ್ತಾರವಾದ ಅರ್ಥವ್ಯಾಪ್ತಿಯನ್ನು ಹೊಂದಿವೆ. 'ಹಚ್ಚು' ಎಂಬ ಒಂದೇ ಪದವನ್ನು ತೆಗೆದುಕೊಂಡರೆ, ದೀಪ ಹಚ್ಚುವುದು, ಎಣ್ಣೆ ಹಚ್ಚುವುದು, ಮಗುವನ್ನು ಸಾಲಿಗೆ ಹಚ್ಚುವುದು, ಆಳನ್ನು ಕೆಲಸಕ್ಕೆ ಹಚ್ಚುವುದು, ಇತ್ತೀಚಿನ ಬಳಕೆಯಲ್ಲಿ ಫೋನ್ ಹಚ್ಚುವುದು ಇವೆಲ್ಲವೂ ಬಳಕೆಯಲ್ಲಿವೆ. 'ಒಗೆ' ಎಂಬ ಪದಕ್ಕೆ ದಕ್ಷಿಣದ ಜಿಲ್ಲೆಗಳಲ್ಲಿ ಬಟ್ಟೆ ತೊಳೆಯುವ ಅರ್ಥವೇ ಪ್ರಧಾನವಾದರೆ, ವಿಜಯಪುರದ ಕಡೆ ಎಸೆಯುವ ಅರ್ಥವೂ ಅಷ್ಟೇ ಸಹಜವಾಗಿದೆ. ಇಂತಹ ಪದಗಳಿಗೆ ಇಂಗ್ಲಿಷ್‌ನಲ್ಲಿ ಒಂದೇ ಸಮಾನಪದ ದೊರೆಯುವುದಿಲ್ಲ. ಸಂದರ್ಭಕ್ಕೆ ತಕ್ಕಂತೆ 'ಪುಟ್ ಆನ್', 'ಥ್ರೋ ಅವೇ', 'ಕಾಲ್ ಅಪ್' ಮೊದಲಾದ ಬೇರೆಬೇರೆ ಕೂಡುರೂಪಗಳನ್ನು ಬಳಸಬೇಕಾಗುತ್ತದೆ. ಒಂದು ಪದಕ್ಕೆ ಅನೇಕ ಅರ್ಥಗಳನ್ನು ಸಂದರ್ಭಸಹಿತವಾಗಿ ಕೊಡುವ ಕಿಟ್ಟೆಲ್ ಅವರ ವಿಧಾನದ ಮಹತ್ವವು ಇಲ್ಲಿ ಸ್ಪಷ್ಟವಾಗುತ್ತದೆ.

ನಿಘಂಟಿನ ಆಕರಗಳಲ್ಲಿ ಭೀಮಕವಿಯ ಬಸವಪುರಾಣವೂ ಸೇರಿದೆ. ಇದರ ನಾಯಕನಾದ ಬಸವಣ್ಣನವರ ಜನ್ಮಸ್ಥಳ ಬಸವನ ಬಾಗೇವಾಡಿ ವಿಜಯಪುರ ಜಿಲ್ಲೆಯಲ್ಲಿದೆ. ಆದರೆ ಶರಣರ ವಚನಗಳ ವ್ಯವಸ್ಥಿತ ಸಂಗ್ರಹ ಮತ್ತು ಪ್ರಕಟಣೆ ನಡೆದದ್ದು ಕಿಟ್ಟೆಲ್ ಅವರ ಕಾಲದ ನಂತರ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗವು 1923ರಲ್ಲಿ ಹೊರಬಂದಿತು.

ಇಂಗ್ಲಿಷ್ ಕಲಿಕೆಯಲ್ಲಿ ನಿಘಂಟಿನ ಪಾತ್ರ

*ಶಾಲಾ ನಿಘಂಟುಗಳು*

ಬ್ರಿಟಿಷ್ ಆಡಳಿತದಲ್ಲಿ ಸರ್ಕಾರಿ ನೌಕರಿ, ವಕೀಲಿ ವೃತ್ತಿ ಮತ್ತು ಉನ್ನತ ಶಿಕ್ಷಣಗಳಿಗೆ ಇಂಗ್ಲಿಷ್ ಅಗತ್ಯವಾದಂತೆ ದ್ವಿಭಾಷಾ ನಿಘಂಟುಗಳಿಗೆ ಹೊಸ ಓದುಗರು ದೊರೆತರು. ಬಾಸೆಲ್ ಮಿಷನ್ನಿನ ಎಫ್. ಜೀಗ್ಲರ್ ಅವರು ಇಂಗ್ಲಿಷ್–ಕನ್ನಡ ಶಾಲಾ ನಿಘಂಟನ್ನು 1876ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದರು. ಕಿಟ್ಟೆಲ್ ಅವರ ಬೃಹತ್ ಗ್ರಂಥವು ಸಾಮಾನ್ಯ ವಿದ್ಯಾರ್ಥಿಗೆ ಎಟುಕುವಂತಿರಲಿಲ್ಲ. ಅದನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು ಜೆ. ಬೂಷರ್ ಅವರು ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ಶಾಲಾ ನಿಘಂಟು 1899ರಲ್ಲಿ ಹೊರಬಂದಿತು. ಹೀಗೆ ಕಿಟ್ಟೆಲ್ ಅವರ ಪದಸಂಗ್ರಹ ಮತ್ತು ಅರ್ಥವಿವರಣೆಗಳು ಶಾಲೆಗಳ ಮಟ್ಟವನ್ನು ತಲುಪಿದವು.

ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ಓದುಗನು ತಾನು ಅರಿಯದ ಇಂಗ್ಲಿಷ್ ಪದದಿಂದ ಆರಂಭಿಸುತ್ತಾನೆ. ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ತನಗೆ ಪರಿಚಿತವಾದ ಕನ್ನಡ ಪದದಿಂದ ಆರಂಭಿಸಿ ಇಂಗ್ಲಿಷ್‌ನತ್ತ ಸಾಗುತ್ತಾನೆ. ಫ್ರೇಸಲ್ ವರ್ಬ್‌ಗಳ ವಿಷಯದಲ್ಲಿ ಎರಡನೆಯ ಮಾರ್ಗವು ಹೆಚ್ಚು ಉಪಯುಕ್ತ. 'ಗಿವ್' ಮತ್ತು 'ಅಪ್' ಎಂಬ ಎರಡು ಪದಗಳ ಅರ್ಥವನ್ನು ಬೇರೆಬೇರೆಯಾಗಿ ತಿಳಿದರೂ 'ಗಿವ್ ಅಪ್' ಎಂದರೆ ಬಿಟ್ಟುಬಿಡು ಎಂಬುದು ಹೊಳೆಯುವುದಿಲ್ಲ. 'ಬಿಡು' ಎಂಬ ಪದದಿಂದ ಹೊರಟ ಓದುಗನಿಗೆ ಇಡೀ ಕೂಡುರೂಪವೇ ಒಂದು ಘಟಕವಾಗಿ ಎದುರಾಗುತ್ತದೆ.

*ಕ್ರಿಯಾಪದ ಮತ್ತು ಅವ್ಯಯ*

ಕ್ರಿಯಾಪದಕ್ಕೆ ಅವ್ಯಯ ಸೇರಿ ಅರ್ಥ ಬದಲಾಗುವ ಈ ಬಗೆಯು ಪರಭಾಷಿಕರಿಗೆ ಕಷ್ಟವಾಗುತ್ತದೆಂಬುದನ್ನು ಸ್ಯಾಮ್ಯುಯಲ್ ಜಾನ್ಸನ್ ಅವರು 1755ರ ತಮ್ಮ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲಿಯೇ ಗುರುತಿಸಿದ್ದರು. ಇಂತಹ ರೂಪಗಳಿಗೆ ಫ್ರೇಸಲ್ ವರ್ಬ್ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು 1925ರಲ್ಲಿ, ಲೋಗನ್ ಪಿಯರ್ಸಾಲ್ ಸ್ಮಿತ್ ಅವರ ಗ್ರಂಥದ ಮೂಲಕ. ಕಿಟ್ಟೆಲ್ ಅವರ ನಿಘಂಟು ಈ ಹೆಸರು ರೂಢಿಗೆ ಬರುವ ಮೂರು ದಶಕಗಳ ಹಿಂದಿನದು.

ಇವುಗಳಲ್ಲಿ ಅತ್ಯಂತ ಸಾಮಾನ್ಯವಾದ ಅವ್ಯಯಗಳಲ್ಲಿ ಒಂದು 'ಅಪ್'. ಅದರ ಮೂಲಾರ್ಥ ಮೇಲಕ್ಕೆ. ಬಳಕೆಯಲ್ಲಿ ಇದು ಮುಖ್ಯವಾಗಿ ಈ ಅರ್ಥಗಳನ್ನು ನೀಡುತ್ತದೆ:

* ಮೇಲ್ಮುಖ ಚಲನೆ: 'ಗೆಟ್ ಅಪ್' ಎಂದರೆ ಏಳು, 'ಲಿಫ್ಟ್ ಅಪ್' ಎಂದರೆ ಎತ್ತು.
* ಕ್ರಿಯೆಯ ಪೂರ್ಣತೆ: 'ಈಟ್ ಅಪ್' ಎಂದರೆ ತಿಂದುಬಿಡು, 'ಡ್ರೈ ಅಪ್' ಎಂದರೆ ಒಣಗಿಹೋಗು.
* ಹೆಚ್ಚಳ ಅಥವಾ ಬೆಳವಣಿಗೆ: 'ಸ್ಪೀಡ್ ಅಪ್' ಎಂದರೆ ವೇಗ ಹೆಚ್ಚಿಸು, 'ಗ್ರೋ ಅಪ್' ಎಂದರೆ ಬೆಳೆದು ದೊಡ್ಡವನಾಗು.
* ಬಂಧನ ಅಥವಾ ಜೋಡಣೆ: 'ಟೈ ಅಪ್' ಎಂದರೆ ಕಟ್ಟಿಹಾಕು.
* ರೂಢಿಯ ಅರ್ಥ: 'ಗಿವ್ ಅಪ್' ಎಂದರೆ ಬಿಟ್ಟುಬಿಡು, 'ಲುಕ್ ಅಪ್' ಎಂದರೆ ನಿಘಂಟಿನಲ್ಲಿ ಹುಡುಕಿ ನೋಡು.

ಈ ಉದಾಹರಣೆಗಳು ಎರಡು ಭಾಷೆಗಳ ವ್ಯತ್ಯಾಸವನ್ನು ತೋರಿಸುತ್ತವೆ. 'ಏಳು', 'ಎತ್ತು' ಎಂಬ ಪದಗಳಲ್ಲಿ ಮೇಲಕ್ಕೆ ಎಂಬ ಅರ್ಥವು ಕ್ರಿಯಾಪದದ ಒಳಗೇ ಅಡಕವಾಗಿದೆ. ಕನ್ನಡದಲ್ಲಿ ಅದಕ್ಕೆ ಬೇರೊಂದು ಪದ ಬೇಕಿಲ್ಲ. ಪೂರ್ಣತೆಯನ್ನು ಸೂಚಿಸಲು ಕನ್ನಡವು ಅವ್ಯಯದ ಬದಲು ಎರಡನೆಯ ಕ್ರಿಯಾಪದವನ್ನು ಬಳಸುತ್ತದೆ. ತಿಂದುಬಿಡು, ಒಣಗಿಹೋಗು, ಕಟ್ಟಿಹಾಕು, ಬರೆದುಕೊಳ್ಳು ಎಂಬಲ್ಲಿ ಬಿಡು, ಹೋಗು, ಹಾಕು, ಕೊಳ್ಳು ಎಂಬವು ತಮ್ಮ ಮೂಲಾರ್ಥವನ್ನು ಬಹುಮಟ್ಟಿಗೆ ಕಳೆದುಕೊಂಡು ಮೊದಲ ಕ್ರಿಯೆಗೆ ಪೂರ್ಣತೆ, ದೃಢತೆ ಅಥವಾ ಸ್ವಾರ್ಥದ ಛಾಯೆಯನ್ನು ಕೊಡುತ್ತವೆ. ಒಣಗಿಹೋದ ಬಾವಿ ಎಲ್ಲಿಗೂ ಹೋಗುವುದಿಲ್ಲ. ಅಂತೆಯೇ 'ಡ್ರೈ ಅಪ್' ಆದ ಬಾವಿ ಮೇಲಕ್ಕೇನೂ ಏರುವುದಿಲ್ಲ. ಎರಡು ಭಾಷೆಗಳೂ ಒಂದೇ ಕಾರ್ಯವನ್ನು ಬೇರೆಬೇರೆ ಸಾಧನಗಳಿಂದ ನೆರವೇರಿಸುತ್ತವೆ. ಆದುದರಿಂದ 'ಅಪ್' ಎಂಬುದನ್ನು ಎಲ್ಲೆಡೆ 'ಮೇಲೆ' ಎಂದು ಅನುವಾದಿಸುವುದು ತಪ್ಪಾಗುತ್ತದೆ.

ಕೆಲವೆಡೆ ಎರಡೂ ಭಾಷೆಗಳ ಕಲ್ಪನೆ ಒಂದೇ ಆಗಿರುವುದೂ ಉಂಟು. ವಿಷಯವನ್ನು ಪ್ರಸ್ತಾಪಿಸು ಎಂಬ ಅರ್ಥದ 'ಬ್ರಿಂಗ್ ಅಪ್' ಎಂಬುದಕ್ಕೆ ಕನ್ನಡದಲ್ಲಿ ಮಾತೆತ್ತು ಎನ್ನಲಾಗುತ್ತದೆ. ಜನರು 'ರೈಸ್ ಅಪ್' ಆಗುವುದನ್ನು ಕನ್ನಡವು ದಂಗೆ ಏಳುವುದು ಎನ್ನುತ್ತದೆ. ಎರಡರಲ್ಲಿಯೂ ಮೇಲೇಳುವ ರೂಪಕವಿದೆ.

*ಪದಗಳ ಕ್ರಮ*

ಇಂಗ್ಲಿಷ್‌ನಲ್ಲಿ ಅವ್ಯಯದ ಸ್ಥಾನವೂ ಗಮನಾರ್ಹ. ಕರ್ಮಪದವು ನಾಮಪದವಾಗಿದ್ದರೆ ಅದು ಸಾಮಾನ್ಯವಾಗಿ ಅವ್ಯಯದ ಮುಂಚೆಯೂ ನಂತರವೂ ಬರಬಹುದು. ಸರ್ವನಾಮವಾಗಿದ್ದರೆ ನಡುವೆಯೇ ಬರಬೇಕು. 'ಗಿವ್ ಇಟ್ ಅಪ್' ಎಂಬುದು ಸರಿ, 'ಗಿವ್ ಅಪ್ ಇಟ್' ಎಂಬುದು ತಪ್ಪು. ಜರ್ಮನ್‌ನಲ್ಲಿ ಸರಳ ವಾಕ್ಯದ ಅವ್ಯಯವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಸರಿಯುತ್ತದೆ. ಕನ್ನಡದಲ್ಲಿ ಕರ್ಮಪದವು ಸಾಮಾನ್ಯವಾಗಿ ಮೊದಲು ಬಂದು, ಎರಡು ಕ್ರಿಯಾಪದಗಳು ಒಟ್ಟಾಗಿ ಕೊನೆಯಲ್ಲಿ ನಿಲ್ಲುತ್ತವೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಕೂಡುರೂಪವನ್ನು ಬಿಡಿಸದೆ ಬಳಸಿ ತಪ್ಪು ಮಾಡುವುದಕ್ಕೆ ಈ ವ್ಯತ್ಯಾಸವೂ ಒಂದು ಕಾರಣ.

ಭಾರತೀಯರ ಇಂಗ್ಲಿಷ್‌ನಲ್ಲಿ ಅನಗತ್ಯವಾಗಿ 'ಅಪ್' ಸೇರಿಸುವ ರೂಢಿಯೂ ಇದೆ. 'ಕೋಪ್ ವಿತ್' ಎನ್ನಬೇಕಾದಲ್ಲಿ 'ಕೋಪ್ ಅಪ್ ವಿತ್' ಎನ್ನುವುದು ಇದಕ್ಕೆ ಪ್ರಸಿದ್ಧ ಉದಾಹರಣೆ. ಇನ್ನೊಂದೆಡೆ ಮೇಕಪ್, ಚೆಕಪ್, ಪಿಕಪ್, ಬ್ಯಾಕಪ್ ಮುಂತಾದ ನಾಮಪದಗಳು ಕನ್ನಡಕ್ಕೆ ಬಂದು ಮಾಡು, ಮಾಡಿಸು, ತೆಗೆದುಕೊಳ್ಳು ಎಂಬ ಕನ್ನಡ ಕ್ರಿಯಾಪದಗಳೊಡನೆ ಬಳಕೆಯಾಗುತ್ತಿವೆ. ಇಂಗ್ಲಿಷ್‌ನ ಕೂಡುರೂಪವೇ ಇಲ್ಲಿ ಕನ್ನಡದ ಕೂಡುಕ್ರಿಯೆಯ ಮೊದಲ ಭಾಗವಾಗಿದೆ.

*ಮಿತಿಗಳು*

ಕಿಟ್ಟೆಲ್ ಅವರ ನಿಘಂಟಿನ ಇಂಗ್ಲಿಷ್ 19ನೆಯ ಶತಮಾನದ್ದು. ಅದರಲ್ಲಿನ ಕೆಲವು ಅರ್ಥವಿವರಣೆಗಳು ಇಂದಿನ ಬಳಕೆಯಲ್ಲಿ ಹಳೆಯದಾಗಿ ತೋರುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ಬಳಕೆಗೆ ಬಂದ ಫ್ರೇಸಲ್ ವರ್ಬ್‌ಗಳು ಅದರಲ್ಲಿ ದೊರೆಯುವುದಿಲ್ಲ. ಇಂಗ್ಲಿಷ್ ಶೀರ್ಷಿಕಾಪದಗಳಿಂದ ಹುಡುಕುವ ಓದುಗರಿಗೆ 1946ರಲ್ಲಿ ಹೊರಬಂದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಹಾಗೂ ಅನಂತರದ ಕೋಶಗಳು ಹೆಚ್ಚು ಅನುಕೂಲಕರ. ಕನ್ನಡ ಕ್ರಿಯಾಪದವೊಂದರ ಅರ್ಥಛಾಯೆಗಳನ್ನು ಒಂದೊಂದಾಗಿ ಬಿಡಿಸಿ ಇಂಗ್ಲಿಷ್‌ಗೆ ಹೊಂದಿಸುವುದರಲ್ಲಿ ಕಿಟ್ಟೆಲ್ ಅವರ ಕೃತಿಯು ಈಗಲೂ ಪ್ರಯೋಜನಕಾರಿಯಾಗಿದೆ.

ಕನ್ನಡ ವ್ಯಾಕರಣ ಮತ್ತು ಕೊನೆಯ ದಿನಗಳು

ನಿಘಂಟಿನ ಪ್ರಕಟಣೆಯ ನಂತರ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1896ರಲ್ಲಿ ಕಿಟ್ಟೆಲ್ ಅವರಿಗೆ ಗೌರವ ಡಾಕ್ಟರೇಟ್ ಪ್ರದಾನ ಮಾಡಿತು. ಇದೇ ವಿಶ್ವವಿದ್ಯಾನಿಲಯದಿಂದ ಮೋಗ್ಲಿಂಗ್ ಅವರೂ ಕನ್ನಡ ಸೇವೆಗಾಗಿ 1858ರಲ್ಲಿ ಈ ಗೌರವವನ್ನು ಪಡೆದಿದ್ದರು.

ವೃದ್ಧಾಪ್ಯದಲ್ಲಿಯೂ ಕಿಟ್ಟೆಲ್ ಅವರು ಬರವಣಿಗೆಯನ್ನು ನಿಲ್ಲಿಸಲಿಲ್ಲ. ಹಳಗನ್ನಡ, ನಡುಗನ್ನಡ ಮತ್ತು ಹೊಸಗನ್ನಡ ಎಂಬ ಮೂರು ಅವಸ್ಥೆಗಳನ್ನು ಒಳಗೊಂಡ ಕನ್ನಡ ವ್ಯಾಕರಣವನ್ನು ಇಂಗ್ಲಿಷ್‌ನಲ್ಲಿ ರಚಿಸಿದರು. ಶಬ್ದಮಣಿದರ್ಪಣದ ಆಧಾರದಿಂದ ಸಿದ್ಧವಾದ ಈ ಗ್ರಂಥವು 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಿನಲ್ಲಿ ಅವರು ಟ್ಯೂಬಿಂಗನ್ ನ���ರದಲ್ಲಿ ನಿಧನರಾದರು. ಆಗ ಅವರಿಗೆ 71 ವರ್ಷ ವಯಸ್ಸಾಗಿತ್ತು.

ಪ್ರಮುಖ ಕೃತಿಗಳು

* ಕಥಾಮಾಲೆ (1862)
* ಕೇಶಿರಾಜನ ಶಬ್ದಮಣಿದರ್ಪಣ, ಸಂಪಾದನೆ (1872)
* ನಾಗವರ್ಮನ ಛಂದೋಂಬುಧಿ, ಸಂಪಾದನೆ (1875)
* ಕನ್ನಡ–ಇಂಗ್ಲಿಷ್ ನಿಘಂಟು (1894)
* ಕನ್ನಡ ಭಾಷೆಯ ವ್ಯಾಕರಣ, ಇಂಗ್ಲಿಷ್‌ನಲ್ಲಿ (1903)

ಪರಂಪರೆ ಮತ್ತು ಸ್ಮರಣೆ

ಕಿಟ್ಟೆಲ್ ಅವರ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದರು. ಈ ಪರಿಷ್ಕೃತ ಆವೃತ್ತಿಯನ್ನು ಮದರಾಸು ವಿಶ್ವವಿದ್ಯಾನಿಲಯವು 1968ರಿಂದ 1971ರ ಅವಧಿಯಲ್ಲಿ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಮೂಲ ನಿಘಂಟೂ ಅನೇಕ ಬಾರಿ ಮರುಮುದ್ರಣಗೊಂಡಿದೆ. 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ–ಕನ್ನಡ ನಿಘಂಟು ಇನ್ನೂ ವ್ಯಾಪಕವಾದ ಆಕರಗಳನ್ನು ಬಳಸಿಕೊಂಡಿತು. ಆದರೂ ಕನ್ನಡ ಪದಗಳಿಗೆ ಇಂಗ್ಲಿಷ್ ಅರ್ಥ ಹುಡುಕುವವರು ಕಿಟ್ಟೆಲ್ ಅವರ ನಿಘಂಟನ್ನು ಇಂದಿಗೂ ಅವಲಂಬಿಸುತ್ತಾರೆ.

ಧಾರವಾಡದ ಕಿಟ್ಟೆಲ್ ಕಾಲೇಜು ಅವರ ಹೆಸರನ್ನು ಹೊತ್ತಿದೆ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಬಳಿ ಅವರ ಪ್ರತಿಮೆಯನ್ನು ಸ್ಥಾಪಿಸಲಾಗಿದೆ. ಕನ್ನಡನಾಡಿನಲ್ಲಿ ಅವರ ಹೆಸರು ನಿಘಂಟಿಗೆ ಪರ್ಯಾಯಪದವೆಂಬಂತೆ ಬಳಕೆಯಲ್ಲಿದೆ.